ನಾದಕ್ಕೆ ನೆಲೆಯಾದ ಜಗನ್ಮೋಹನ ಸಭಾಂಗಣ: ಜೀರ್ಣೋದ್ಧಾರವೆಂದರೆ ಬಣ್ಣ ಬಳಿಯುವುದಲ್ಲ

ಚಾಮರಾಜನಗರದಲ್ಲಿ 1826ರಲ್ಲಿ ತಂದೆಯ ಹೆಸರಿನಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರೇ 1861ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ನಿರ್ಮಾತೃ. ಹರದನಹಳ್ಳಿ, ಗುಂಡ್ಲುಪೇಟೆಗಳ ಕಡೆಯಿಂದ ದಸರೆಗೆ ಹೋಗುವವರಲ್ಲಿ ಹಲವರು ಆ ಅರಮನೆಯನ್ನು ಚಿತ್ರಶಾಲೆಯೆಂದಷ್ಟೇ ಬಲ್ಲರು. ಅಲ್ಲಿನ ಸಭಾಂಗಣಕ್ಕೆ ಬೇರೆಯೇ ಇತಿಹಾಸವಿದೆ.

1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾದಾಗ ರಾಜಪರಿವಾರ ಜಗನ್ಮೋಹನಕ್ಕೆ ಬಂದು ನೆಲೆಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ವಿವಾಹದ ಸಂದರ್ಭದಲ್ಲಿ, 1900ರ ಸುಮಾರಿಗೆ, ಮುಂಭಾಗದ ಸಭಾಂಗಣ ರೂಪುಗೊಂಡಿತು. 1902ರ ಆಗಸ್ಟ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಸಮ್ಮುಖದಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದು ಇಲ್ಲಿಯೇ. ಅರಮನೆಯ ಸ್ತ್ರೀಯರು ಕಲಾಪಗಳನ್ನು ನೋಡಲೆಂದು ಮೇಲ್ಗಡೆ ಎರಡು ಗ್ಯಾಲರಿಗಳಿವೆ. ದಸರಾ ಕಚೇರಿಗಳಿಗೂ ಸಭಾಂಗಣ ವೇದಿಕೆಯಾಗುತ್ತ ಬಂದಿದೆ.

ಮೈಸೂರಿನ ಸಂಗೀತಾಸಕ್ತಿ ವೀಣೆ ಶೇಷಣ್ಣ, ವಾಸುದೇವಾಚಾರ್ಯರಿಗಷ್ಟೇ ಸೀಮಿತವಾಗಿರಲಿಲ್ಲ. ಅರಮನೆಗೆ ತನ್ನದೇ ಪಾಶ್ಚಾತ್ಯ ವಾದ್ಯವೃಂದವಿತ್ತು. ಜರ್ಮನಿಯ ಆಟೋ ಸ್ಮಿತ್ ಅದನ್ನು ನಡೆಸಿದರು. ಜಯಚಾಮರಾಜೇಂದ್ರ ಒಡೆಯರು ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದುದರ ಹಿಂದೆಯೂ ಅವರ ಧನಸಹಾಯವಿತ್ತು. ವಿಪರ್ಯಾಸವೆಂದರೆ, 1871ರ ಆ ಭವ್ಯ ಭವನವೇ ಪ್ರತಿಧ್ವನಿಗೆ ಕುಖ್ಯಾತವಾಗಿತ್ತು. 1969ರಲ್ಲಿ ಚಾವಣಿಯಿಂದ ಅಣಬೆಯಾಕಾರದ ತಟ್ಟೆಗಳನ್ನು ತೂಗುಹಾಕಿದ ಮೇಲೆಯೇ ಅದು ಬಹುಮಟ್ಟಿಗೆ ತಗ್ಗಿತು.

ಕಲ್ಲು ಮತ್ತು ನುಣುಪಾದ ಗೋಡೆ ನಾದವನ್ನು ಹಿಂದಕ್ಕೆಸೆಯುತ್ತವೆ. ಬಟ್ಟೆ, ಮೆತ್ತೆ ಹಾಗೂ ಮುಖ್ಯವಾಗಿ ತುಂಬಿ ಕುಳಿತ ಜನ ಅದನ್ನು ಹೀರುತ್ತಾರೆ. ಈ ಲೆಕ್ಕವನ್ನು ಸೂತ್ರಕ್ಕೆ ಇಳಿಸಿದವರು ಅಮೆರಿಕದ ವ್ಯಾಲೇಸ್ ಸಬೈನ್. ಅವರ ಲೆಕ್ಕವನ್ನು ಅನುಸರಿಸಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ದೊಡ್ಡ ವಾದ್ಯವೃಂದಕ್ಕೆ ನಾದ ಸುಮಾರು ಎರಡು ಸೆಕೆಂಡು ಉಳಿದರೆ ಹಿತ. ಮಾತಿಗೆ ಒಂದು ಸೆಕೆಂಡು ಸಾಕು. ಮೃದಂಗದ ಪ್ರತಿ ಪೆಟ್ಟೂ ಬಿಡಿಯಾಗಿ ಕೇಳಬೇಕಾದ ಕರ್ನಾಟಕ ಸಂಗೀತಕ್ಕೆ ಇವೆರಡರ ನಡುವಿನ ಹದ ಒಪ್ಪುತ್ತದೆ. ಧ್ವನಿವರ್ಧಕವಿಲ್ಲದ ಕಾಲದ ಸಭಾಂಗಣಗಳಿಗೆ ಈ ಹದವೇ ಆಸ್ತಿ.

ಹಾಗಾಗಿ ಇಂಥ ಕಟ್ಟಡದ ದುರಸ್ತಿಯಲ್ಲಿ ಕೈತಪ್ಪಿದರೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಮರದ ಚಾವಣಿಯ ಕೆಳಗೆ ಕೃತಕ ಚಾವಣಿ ಇಳಿಸಿದರೆ ಸಭಾಂಗಣದ ಗಾತ್ರ ಕುಗ್ಗಿ ನಾದ ಬಡವಾಗುತ್ತದೆ. ಗೋಡೆಯಿಂದ ಗೋಡೆಗೆ ರತ್ನಗಂಬಳಿ ಹಾಸಿದರೆ ಪಿಟೀಲಿನ ತಾರಸ್ವರ ಮಂಕಾಗುತ್ತದೆ. ಹವಾನಿಯಂತ್ರಕದ ಗುಂಯ್‌ಗುಡುವಿಕೆಯಲ್ಲಿ ತಂಬೂರಿಯ ಶ್ರುತಿ ಮುಳುಗುತ್ತದೆ.

ಅದಕ್ಕಿಂತ ಅಪಾಯಕಾರಿ ಸಿಮೆಂಟು. ಸುಣ್ಣದ ಗಾರೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಪದರ ಬಳಿದರೆ ನೀರು ಒಳಗೇ ನಿಂತು ಇಟ್ಟಿಗೆಯನ್ನೂ ಮರದ ತೊಲೆಯ ತುದಿಯನ್ನೂ ಕೊಳೆಸುತ್ತದೆ. ಹೊರನೋಟಕ್ಕೆ ಗೋಡೆ ಗಟ್ಟಿಯಾಗಿಯೇ ಕಾಣುತ್ತಿರುತ್ತದೆ. ಹಳೆಯ ಕಟ್ಟಡಗಳನ್ನು ಅಲಕ್ಷಿಸಿದರೆ ಏನಾಗುವುದೆಂಬುದನ್ನು ಮೈಸೂರು ಕಂಡಿದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ದ್ವಾರದ ಭಾಗ ಉರುಳಿತು. ಕೆಡವಬೇಕೇ, ಉಳಿಸಬೇಕೇ ಎಂಬ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು.

ಸರಿಯಾದ ಕ್ರಮ ನಿಧಾನದ್ದು. ಮೊದಲು ಚಾವಣಿಯ ಸೋರಿಕೆ ನಿಲ್ಲಬೇಕು, ಬಳಿಕ ಗೋಡೆ ಒಣಗಬೇಕು. ಹಳೆಯ ಗಾರೆಯ ಮಿಶ್ರಣವನ್ನು ಪರೀಕ್ಷಿಸಿ ಅದೇ ಹದದ ಸುಣ್ಣ ಕಲಸಬೇಕು. ಕೆಲಸಕ್ಕೆ ಮುನ್ನವೂ ನಂತರವೂ ಖಾಲಿ ಸಭಾಂಗಣದಲ್ಲೊಮ್ಮೆ, ತುಂಬಿದ ಸಭಾಂಗಣದಲ್ಲೊಮ್ಮೆ ನಾದ ಉಳಿಯುವ ಅವಧಿಯನ್ನು ಅಳೆದಿಡಬೇಕು. ಗುತ್ತಿಗೆಯ ಅಂದಾಜುಪಟ್ಟಿಯಲ್ಲಿ ಬಣ್ಣ, ದೀಪ, ಕುರ್ಚಿಗಳಿಗೆ ಸಿಗುವ ಸಾಲು ಈ ಅಳತೆಗೂ ಸಿಗಬೇಕು. ಅದಕ್ಕೆ ತಗಲುವ ವೆಚ್ಚ ಕುರ್ಚಿಗಳದ್ದಕ್ಕಿಂತ ಬಹಳ ಕಡಿಮೆ.