ಬಿಸಿಲು ಬರೆದ ಎಲೆಚಿತ್ರ

ಸ್ವತಂತ್ರ ಕರಕುಶಲ ಅಂಗಡಿಗಳಲ್ಲಿ ಈಗ ಒಂದು ಬಗೆಯ ಶುಭಾಶಯ ಪತ್ರಗಳು ಮಾರಾಟಕ್ಕೆ ಬರುತ್ತಿರುವವು. ಕಡುನೀಲಿ ಕಾಗದದ ಮೇಲೆ ಎಲೆಯೊಂದು ಬೆಳ್ಳಗೆ ಮೂಡಿರುವದು. ಅದನ್ನು ಕುಂಚದಿಂದ ಬರೆದಿಲ್ಲ, ಬಿಸಿಲೇ ಬರೆದಿರುವದು. ಈ ವಿದ್ಯೆಗೆ ಸಯನೋಟೈಪ್ ಎಂದು ಹೆಸರು. ಬಿಸಿಲಿಗೆ ಬಡತನವಿಲ್ಲದ ಯಾದಗಿರಿ, ಶಹಾಪುರ, ಸುರಪುರಗಳ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಇದನ್ನು ತಿಳಿಯುವದು ಉಚಿತವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆದಿರುವೆನು.

ಇದನ್ನು 1842ರಲ್ಲಿ ಇಂಗ್ಲಂಡದ ಸರ್ ಜಾನ್ ಹರ್ಶೆಲ್ ಎಂಬ ಖಗೋಲಶಾಸ್ತ್ರಜ್ಞರು ಕಂಡುಹಿಡಿದರು. ಅದು ನಮ್ಮ ಸುರಪುರದಲ್ಲಿ ಮೆಡೋಸ್ ಟೇಲರ್ ಸಾಹೇಬರು ಸಂಸ್ಥಾನದ ಕಾರಭಾರವನ್ನು ನೋಡುತ್ತಿದ್ದ ಕಾಲ. ಮರುವರುಷವೇ ಅನ್ನಾ ಅಟ್ಕಿನ್ಸ್ ಎಂಬ ಮಹಿಳೆಯು ಕಡಲಪಾಚಿಗಳನ್ನು ಈ ಬಗೆಯಿಂದ ಕಾಗದಕ್ಕಿಳಿಸಿ ಪುಸ್ತಕವಾಗಿ ಹೊರಡಿಸತೊಡಗಿದರು. ಛಾಯಾಚಿತ್ರಗಳಿಂದ ಕೂಡಿದ ಮೊದಲನೆಯ ಪುಸ್ತಕವು ಅದೇ ಎಂದು ಎಣಿಸುವರು.

ಇದರ ರೀತಿ ಹೀಗಿರುವದು. ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ, ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ, ಇವನ್ನು ಬೇರೆಬೇರೆಯಾಗಿ 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಮಬ್ಬುಬೆಳಕಿನಲ್ಲಿ ಸಮಸಮವಾಗಿ ಕೂಡಿಸಿ, ದಪ್ಪ ಕಾಗದಕ್ಕೆ ಹಚ್ಚಿ ಕತ್ತಲೆಯಲ್ಲಿ ಒಣಗಿಸಬೇಕು. ಬಳಿಕ ಬೇವಿನ ಎಲೆಯನ್ನೋ ಹುಣಸೆಯ ಎಲೆಯನ್ನೋ ಮೇಲಿಟ್ಟು, ಗಾಜು ಮುಚ್ಚಿ ಬಿಸಿಲಿನಲ್ಲಿಡಬೇಕು. ಬಿಸಿಲಿನ ನೇರಳಾತೀತ ಕಿರಣಗಳು ತಗಲಿದ ಕಡೆ ಕಬ್ಬಿಣದ ಲವಣವು ಮಾರ್ಪಟ್ಟು, ನೀರಿನಲ್ಲಿ ಕರಗದ ನೀಲಿಯಾಗುವದು. ಎಲೆಯ ಮರೆಯಲ್ಲಿದ್ದ ಮದ್ದು ನೀರಿನಲ್ಲಿ ತೊಳೆದಾಗ ಹೋಗಿಬಿಡುವದು. ಅಲ್ಲಿ ಕಾಗದವು ಬಿಳಿಯಾಗಿಯೇ ಉಳಿಯುವದು. ಬಾವಿಯ ನೀರು ಸವಳಾಗಿ ಕ್ಷಾರದಿಂದ ಕೂಡಿದ್ದರೆ ನೀಲಿಯು ಮಾಸುವದು. ಆಗ ತೊಳೆಯುವ ನೀರಿಗೆ ನಿಂಬೆರಸದ ಕೆಲವು ಹನಿ ಹಾಕುವದು ಹಿತ. ಆದರೆ ಈ ಮದ್ದಿಗೆ ತೀವ್ರವಾದ ಆಮ್ಲವನ್ನು ಸರ್ವಥಾ ಸೋಕಿಸಬಾರದು; ವಿಷವಾಯು ಹುಟ್ಟುವದು. ಕೈಗವಸು ಹಾಕಿಕೊಳ್ಳಬೇಕು, ಅಡಿಗೆಯ ಪಾತ್ರೆಗಳನ್ನು ಬಳಸಬಾರದು.

ಗಿಡವು ತನ್ನ ಚಿತ್ರವನ್ನು ತಾನೇ ಮೂಡಿಸುವದು ಕನ್ನಡನಾಡಿಗೆ ಹೊಸದಲ್ಲ. 1862ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಜೆ. ಹುಂಜಿಕರ್ ಎಂಬವರು ದಕ್ಷಿಣ ಭಾರತದ ಹಸಿ ಗಿಡಗಳಿಂದಲೇ ಅಚ್ಚು ತೆಗೆದ ಚಿತ್ರಗಳನ್ನು ಹೊರಡಿಸಿದರು. ಅಲ್ಲಿ ಕೆಲಸ ಮಾಡಿದ್ದು ಬಣ್ಣ, ಇಲ್ಲಿ ಬೆಳಕು.

ಹುಂಜಿಕರರ ಹೆಸರು ಅವರ ಕೃತಿಯೊಡನೆ ಉಳಿಯಿತು. ಅಟ್ಕಿನ್ಸರಾದರೋ ಒಂದೊಂದು ಪಾಚಿಯ ಹೆಸರನ್ನೂ ತಪ್ಪದೆ ಬರೆದು, ತಮ್ಮ ಹೆಸರಿನ ಜಾಗದಲ್ಲಿ ‘ಎ.ಎ.’ ಎಂದಷ್ಟೇ ಬರೆದರು. 1871ರಲ್ಲಿ ಅವರು ತೀರಿಕೊಂಡ ಮೇಲೆ ಅದನ್ನು ನೋಡಿದ ವಿದ್ವಾಂಸರೊಬ್ಬರು, ಇಂಗ್ಲಿಷಿನಲ್ಲಿ ಅವೇ ಅಕ್ಷರಗಳಿಂದ ಮೊದಲಾಗುವ ‘ಅನಾನಿಮಸ್ ಅಮೆಚೂರ್’, ಅಂದರೆ ‘ಹೆಸರಿಲ್ಲದ ಹವ್ಯಾಸಿ’ ಎಂದು ಅರ್ಥಮಾಡಿದರು! ಹತ್ತು ವರುಷಗಳ ದುಡಿಮೆಯು ಹೀಗೆ ಯಾರದೋ ಆಗಿಹೋಗುವದರಲ್ಲಿತ್ತು.

ಇದು ದೂರದೇಶದ ಮಾತೆಂದು ತಿಳಿಯಬೇಡಿರಿ. ನಮ್ಮ ಮನೆಗಳಲ್ಲಿ ಅಜ್ಜಿಯರು ಹೊಲಿದ ಕೌದಿಗಳಿವೆ, ಅಕ್ಕಂದಿರು ಹಾಕಿದ ಕಸೂತಿಯಿದೆ. ಮಾಡಿದವಳ ಹೆಸರು ಯಾವುದರ ಮೇಲಿದೆ? ಅಂಗಡಿಗೆ ಹೋದ ಕೈಗೆಲಸಕ್ಕೆ ಅಂಗಡಿಯ ಹೆಸರೇ ಅಂಟುವದು. ಆದುದರಿಂದ ತಾಯಂದಿರೇ, ಭಗಿನಿಯರೇ, ನೀವಾಗಲಿ ನಿಮ್ಮ ಮಗಳಾಗಲಿ ಇಂಥ ಪತ್ರವನ್ನು ಮಾಡಿದರೆ, ಅದು ಕ್ರಿಸ್‌ಮಸ್ಸಿಗೆ ಗೆಳತಿಗೆ ಹೋಗಲಿ, ಅಂಗಡಿಗೆ ಮಾರಾಟಕ್ಕೆ ಹೋಗಲಿ, ಹಿಂಬದಿಯಲ್ಲಿ ಎರಡು ಹೆಸರುಗಳನ್ನು ಪೂರ್ಣವಾಗಿ ಬರೆಯಿರಿ: ಗಿಡದ ಹೆಸರೊಂದು, ಮಾಡಿದವಳ ಹೆಸರೊಂದು.