25 ಸೂತ್ರ ಬಾಯಿಪಾಠ ಮಾಡಿದರೆ ಮೆಕ್ಯಾನಿಕ್ಸ್ ಲೆಕ್ಕ ಬರುತ್ತಾ? ಕಬ್ಬಿನ ಟ್ರ್ಯಾಕ್ಟರ್ ಇಟ್ಟುಕೊಂಡು ನೋಡೋಣ

"ಈ 25 ಸೂತ್ರ ಬಾಯಿಪಾಠ ಮಾಡಿ, ಮೆಕ್ಯಾನಿಕ್ಸ್‌ನಲ್ಲಿ ಪೂರ್ತಿ ಮಾರ್ಕ್ಸ್ ಗ್ಯಾರಂಟಿ. ಎಲ್ಲ ಪಿಯುಸಿ ಮಕ್ಕಳಿಗೂ ಕಳಿಸಿ." ಇಂಥದೊಂದು ಫಾರ್ವರ್ಡ್ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೂ ಬಂತು. ಜಮಖಂಡಿಯಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿರುವ ಚಿಕ್ಕಪ್ಪನ ಮಗ ಅದನ್ನು ನೋಡಿ ನನಗೆ ಬೇರೆ ಮೆಸೇಜ್ ಹಾಕಿದ: "ಯಕ್ಕಾ, ಸೂತ್ರ ಎಲ್ಲಾ ಬರ್ತಾವು. ಲೆಕ್ಕ ಒಂದೂ ಬರವಲ್ದು."

ನಾನೂ ಪಿಯುಸಿಯಲ್ಲಿ ಸೈನ್ಸ್ ಓದಿದವಳೇ. ಫಿಸಿಕ್ಸ್‌ನಲ್ಲಿ ಪಾಸಾದದ್ದು ಅಂಚಿನಲ್ಲಿ, ಆಮೇಲೆ ಸಂವಹನ ಓದಲು ಹೋದೆ. ಅವನ ಮೆಸೇಜ್ ಓದಿದಾಗ ನನ್ನದೇ ಹಳೇ ನೋಟ್‌ಬುಕ್ ನೆನಪಾಯಿತು. ಮೇಲೆ ಅಚ್ಚುಕಟ್ಟಾಗಿ ಸೂತ್ರ, ಕೆಳಗೆ ಖಾಲಿ ಪುಟ.

ಫಾರ್ವರ್ಡ್‌ನಲ್ಲಿದ್ದ ಸೂತ್ರಗಳಲ್ಲಿ ತಪ್ಪಿಲ್ಲ, ತಪ್ಪಿರುವುದು ಆ ಗ್ಯಾರಂಟಿಯಲ್ಲಿ. ಯಾಕೆ ಅಂತ ತಿಳಿಯಲು ಪುಸ್ತಕದ ಮರದ ದಿಮ್ಮಿ, ರಾಟೆ ಬಿಟ್ಟು ರಸ್ತೆಗೆ ಬರೋಣ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಕಬ್ಬಿನ ಹಂಗಾಮು ಶುರುವಾದರೆ ಹಗಲು-ರಾತ್ರಿ ಕಾಣುವುದು ಒಂದೇ ದೃಶ್ಯ: ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಮೇಲೆ ಆಕಾಶ ಮುಟ್ಟುವಷ್ಟು ಕಬ್ಬು.

ಟ್ರೇಲರ್ ಹಿಂದಕ್ಕೆ ಎಳೆಯಲ್ವಾ?

ತಮ್ಮನಿಗೆ ಕೇಳಿದೆ: ಟ್ರ್ಯಾಕ್ಟರ್ ಟ್ರೇಲರನ್ನು ಎಳೆಯುತ್ತೆ. ಟ್ರೇಲರ್ ಟ್ರ್ಯಾಕ್ಟರನ್ನು ಎಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತೆ? "ಕಮ್ಮಿ ಎಳಿತದ, ಅದಕ್ಕ ಗಾಡಿ ಮುಂದ ಹೊಕ್ಕತಿ" ಅಂದ. ನ್ಯೂಟನ್ನನ ಮೂರನೇ ನಿಯಮ ಅವನಿಗೆ ಕಂಠಪಾಠ. ಪ್ರತಿ ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ. ಆದರೂ ಉತ್ತರ ತಪ್ಪು. ಎರಡೂ ಎಳೆತ ಸರಿಸಮ.

ಹಾಗಾದರೆ ಗಾಡಿ ಚಲಿಸುವುದು ಹೇಗೆ? ಆ ಎರಡು ಬಲ ಒಂದೇ ವಸ್ತುವಿನ ಮೇಲೆ ಇಲ್ಲ. ಒಂದು ಟ್ರೇಲರ್ ಮೇಲಿದೆ, ಇನ್ನೊಂದು ಟ್ರ್ಯಾಕ್ಟರ್ ಮೇಲೆ. ಬೇರೆ ಬೇರೆ ವಸ್ತುಗಳ ಮೇಲಿನ ಬಲಗಳನ್ನು ಕೂಡಿಸಿ ಕಳೆಯಲು ಬರುವುದಿಲ್ಲ. ರಾಮನ ಸಾಲವನ್ನು ಭೀಮನ ಖಾತೆಯಲ್ಲಿ ಬರೆದರೆ ಎರಡೂ ಖಾತೆ ಕೆಡುತ್ತವೆ.

ಹಾಗಾಗಿ ಲೆಕ್ಕದಲ್ಲಿ ಮೊದಲು ಮಾಡಬೇಕಾದ್ದು ಸೂತ್ರ ಹುಡುಕುವುದಲ್ಲ. ಒಂದು ವಸ್ತು ಆರಿಸಿ, ಅದನ್ನೊಂದೇ ಬಿಡಿಸಿ, ಅದನ್ನು ಯಾರು ಯಾರು ಎಳೆಯುತ್ತಿದ್ದಾರೆ, ತಳ್ಳುತ್ತಿದ್ದಾರೆ ಅಂತ ಬಾಣ ಹಾಕುವುದು.

ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಇಟ್ಟಿದ್ದೇನೆ. ಟ್ರ್ಯಾಕ್ಟರ್ 2,000 ಕೆಜಿ. ಕಬ್ಬು ತುಂಬಿದ ಒಂದೊಂದು ಟ್ರೇಲರ್ 8,000 ಕೆಜಿ. ಸಮತಟ್ಟಾದ ರಸ್ತೆ. ಗಾಲಿ ಉರುಳುವಾಗಿನ ತಡೆ ಪ್ರತಿ ಟ್ರೇಲರಿಗೆ 2,000 ನ್ಯೂಟನ್, ಟ್ರ್ಯಾಕ್ಟರಿಗೆ 500. ಗಾಡಿಯ ವೇಗ ಪ್ರತಿ ಸೆಕೆಂಡಿಗೆ 0.25 ಮೀಟರ್/ಸೆಕೆಂಡ್‌ನಷ್ಟು ಹೆಚ್ಚುತ್ತಿದೆ.

ಕೊನೆಯ ಟ್ರೇಲರಿನಿಂದ ಶುರು ಮಾಡಿ, ಅದರ ಮೇಲೆ ಬಾಣಗಳು ಕಡಿಮೆ. ಮುಂದಿನ ಕೊಂಡಿ ಎಳೆಯುತ್ತೆ, ರಸ್ತೆ 2,000 ತಡೆಯುತ್ತೆ. ವೇಗ ಹೆಚ್ಚಿಸಲು ಬೇಕಾದ್ದು 8,000 × 0.25, ಅಂದರೆ 2,000. ಹಾಗಾದರೆ ಕೊಂಡಿಯ ಎಳೆತ 4,000 ನ್ಯೂಟನ್. ನಡುವಿನ ಟ್ರೇಲರಿಗೆ ಹಿಂದಿನ ಕೊಂಡಿ 4,000, ರಸ್ತೆ 2,000 ಹಿಂದಕ್ಕೆ. ವೇಗ ಹೆಚ್ಚಿಸಲು ಇನ್ನೂ 2,000. ಮುಂದಿನ ಕೊಂಡಿ 8,000 ಎಳೆಯಬೇಕು. ಇನ್ನು ಟ್ರ್ಯಾಕ್ಟರ್: 8,000, ತಡೆಯ 500, ವೇಗಕ್ಕೆ 500. ಒಟ್ಟು 9,000 ನ್ಯೂಟನ್.

ಈ 9,000 ಕೊಡುವವರು ಯಾರು? ಇಂಜಿನ್ ಅನ್ನಬೇಡಿ. ಇಂಜಿನ್ ಗಾಲಿ ತಿರುಗಿಸುತ್ತೆ, ಗಾಲಿ ರಸ್ತೆಯನ್ನು ಹಿಂದಕ್ಕೆ ತಳ್ಳುತ್ತೆ, ರಸ್ತೆ ಘರ್ಷಣೆಯ ಮೂಲಕ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತೆ. ಹಸಿ ಎರೆಮಣ್ಣಿನ ಹೊಲದಲ್ಲಿ ಇಂಜಿನ್ ಎಷ್ಟು ಕೂಗಿದರೂ ಗಾಲಿ ನಿಂತಲ್ಲೇ ಗಿರಗಿರ ತಿರುಗುವುದು ಇದಕ್ಕೇ. ಅಲ್ಲಿ ನೆಲಕ್ಕೆ ಅಷ್ಟು ತಳ್ಳುವ ತಾಕತ್ತಿಲ್ಲ.

ಟೆನ್ಷನ್ ಅಂದ್ರೆ ಚಿಂತೆ, ನಾರ್ಮಲ್ ಅಂದ್ರೆ ಮಾಮೂಲಿ?

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿಯುವವರಿಗೆ ಇನ್ನೊಂದು ತೊಡಕಿದೆ. ನಮಗೆ ಗೊತ್ತಿಲ್ಲದ ಪದಗಳಿಗಿಂತ ಗೊತ್ತಿದೆ ಅಂದುಕೊಂಡ ಪದಗಳೇ ಹೆಚ್ಚು ಮೋಸ ಮಾಡುತ್ತವೆ. ಲೆಕ್ಕದಲ್ಲಿ ಟೆನ್ಷನ್ ಅಂದರೆ ಹಗ್ಗದ ಅಥವಾ ಕೊಂಡಿಯ ಎಳೆತ. ನಾರ್ಮಲ್ ಬಲ ಅಂದರೆ ಮೇಲ್ಮೈಗೆ ಲಂಬವಾಗಿ ಒತ್ತುವ ಬಲ. ಸ್ಮೂತ್ ಅಂದರೆ ಘರ್ಷಣೆ ಲೆಕ್ಕಕ್ಕಿಲ್ಲ. ಲೈಟ್ ದಾರ ಅಂದರೆ ದಾರದ ತೂಕ ಹಿಡಿಯಬೇಡ. ಅದನ್ನು ಬೆಳಕಿನ ದಾರ ಅಂತ ಓದಿ ಅರ್ಧ ಗಂಟೆ ಕೂತವಳು ನಾನು.

ಜಾಣರು ಏನು ಮಾಡ್ತಾರೆ?

1989ರಲ್ಲಿ ಮಿಶೆಲಿನ್ ಚಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿದರು. ಮೆಕ್ಯಾನಿಕ್ಸ್‌ನ ಬಿಡಿಸಿದ ಲೆಕ್ಕಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು, ಓದುವಾಗ ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳಿಸಿದರು. ಆಮೇಲೆ ಲೆಕ್ಕ ಚೆನ್ನಾಗಿ ಬಿಡಿಸಿದವರು ಪ್ರತಿ ಸಾಲಿಗೂ ಯಾಕೆ ಅಂತ ತಮಗೆ ತಾವೇ ವಿವರಿಸಿಕೊಂಡಿದ್ದರು. ಸೋಜಿಗ ಏನೆಂದರೆ, "ಇದು ನನಗೆ ಅರ್ಥವಾಗಲಿಲ್ಲ" ಅಂತ ಹೆಚ್ಚು ಸಲ ಹೇಳಿದವರೂ ಅವರೇ. ಹಿಂದೆ ಬಿದ್ದವರಿಗೆ ಓದುವಾಗ ಎಲ್ಲ ಅರ್ಥವಾದಂತೆ ಅನಿಸಿತ್ತು. ಪರೀಕ್ಷೆಯಲ್ಲಿ ಉದಾಹರಣೆಗೆ ಮತ್ತೆ ಮತ್ತೆ ಮರಳಿ ಅಲ್ಲಿ ಹೊಂದುವ ಸಾಲು ಹುಡುಕುತ್ತಿದ್ದರು. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಕೂಡ 1990ರ ಸುಮಾರಿಗೆ ತಮ್ಮ ವಿದ್ಯಾರ್ಥಿಗಳಲ್ಲಿ ಕಂಡದ್ದು ಇಂಥದೇ: ಕಷ್ಟದ ಲೆಕ್ಕ ಬಿಡಿಸುವವರೂ ಬಲದ ಬಗ್ಗೆ ಸರಳ ಪ್ರಶ್ನೆಗಳಲ್ಲಿ ಎಡವುತ್ತಿದ್ದರು. ಜಮಖಂಡಿಯ ನನ್ನ ತಮ್ಮ ಒಬ್ಬನೇ ಅಲ್ಲ.

ನಿಧಾನ ಬರುವ ಗಾಡಿ ತಕ್ಷಣ ನಿಲ್ಲುತ್ತಾ?

ಈ ಬಾಣದ ಚಿತ್ರ ಮಾರ್ಕ್ಸ್‌ಗೆ ಮಾತ್ರ ಅಲ್ಲ. "ಟ್ರ್ಯಾಕ್ಟರ್ ನಿಧಾನ ಬರ್ತದ, ಏನಾಗಲ್ಲ" ಅಂತ ಅದರ ಮುಂದೆಯೇ ಬೈಕ್ ತಿರುಗಿಸುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬಹುತೇಕ ಟ್ರ್ಯಾಕ್ಟರ್‌ಗಳ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗೆ ಮಾತ್ರ. ಟ್ರೇಲರಿಗೆ ಬ್ರೇಕ್ ಇಲ್ಲ ಅಂತ ಇಟ್ಟುಕೊಳ್ಳಿ. ಒಣ ಡಾಂಬರಿನ ಮೇಲೆ ಆ ಎರಡು ಗಾಲಿ ಕೊಡಬಲ್ಲ ತಡೆ, ನಮ್ಮ ಲೆಕ್ಕದಲ್ಲಿ, ಸುಮಾರು 10,000 ನ್ಯೂಟನ್. ಖಾಲಿ ಟ್ರ್ಯಾಕ್ಟರ್ ಗಂಟೆಗೆ 18 ಕಿ.ಮೀ. ವೇಗದಲ್ಲಿದ್ದರೆ ಎರಡೂವರೆ ಮೀಟರಿನೊಳಗೆ ನಿಲ್ಲುತ್ತೆ.

ಅದಕ್ಕೇ ಎರಡು ಟ್ರೇಲರ್ ಕಟ್ಟಿ. ಬ್ರೇಕ್ ಅದೇ, ನಿಲ್ಲಿಸಬೇಕಾದ ಭಾರ ಮಾತ್ರ ಒಂಬತ್ತು ಪಟ್ಟು. ಉರುಳುವ ತಡೆ 4,500 ಸೇರಿಸಿಕೊಂಡರೂ ನಿಲ್ಲಲು 15 ಮೀಟರಿಗಿಂತ ಹೆಚ್ಚು ಬೇಕು. ವೇಗ 36 ಆದರೆ ದೂರ ನಾಲ್ಕು ಪಟ್ಟು, 60 ಮೀಟರ್ ದಾಟುತ್ತೆ. ಇದು ಚಾಲಕ ಬ್ರೇಕ್ ಒತ್ತಿದ ಮೇಲಿನ ದೂರ. ನಿಮ್ಮ ಬೈಕ್ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸಾಗಿದ ದೂರ ಬೇರೆ.

ಮರುದಿನ ತಮ್ಮ ಮೂರು ಚೌಕ ಬಿಡಿಸಿ ಬಾಣ ಹಾಕಿದ ಫೋಟೋ ಕಳಿಸಿದ. ಜೊತೆಗೆ ಅವನದೇ ಪ್ರಶ್ನೆ: ಗಾಡಿ ಗಂಟೆಗೆ 18 ಕಿ.ಮೀ. ವೇಗದಲ್ಲಿದ್ದಾಗ ಹಿಂದಿನ ಕೊಂಡಿ ಕಳಚಿದರೆ ಕೊನೆಯ ಟ್ರೇಲರ್ ಅಲ್ಲೇ ನಿಲ್ಲುತ್ತಾ? ಅದರ ಮೇಲಿನ ಬಾಣ ಎಣಿಸು ಅಂದೆ. ಎಳೆಯುವ ಬಾಣ ಹೋಯಿತು, ಉಳಿದದ್ದು ರಸ್ತೆಯ 2,000 ಒಂದೇ. ಹತ್ತು ನಿಮಿಷದ ಮೇಲೆ ಉತ್ತರ ಬಂತು: "ನಿಲ್ಲಾಂಗಿಲ್ಲ ಯಕ್ಕಾ. ಇನ್ನೂ 20 ಸೆಕೆಂಡ್ ಉಳ್ಳತದ, 50 ಮೀಟರ್ ಹೊಕ್ಕತಿ."