ಕೆನಡಾದ ಲೆಕ್ಕದಲ್ಲಿ ಮೀನು ಹಿಡಿಯುವುದೂ ಸಾರಿಗೆಯಂತೆ!

ಜೂನ್, ಜುಲೈ ತಿಂಗಳಲ್ಲಿ ತದಡಿ ಬಂದರಿನ ಮೀನುಗಾರಿಕೆ ಬೋಟುಗಳು ದಡ ಸೇರಿರುತ್ತವೆ, ಬೋಟಿನ ಯಜಮಾನರು ಮನೆಯಲ್ಲೇ ಸಿಗುತ್ತಾರೆ. ಪರಿಚಯದ ಅಂಥದ್ದೊಂದು ಮನೆಗೆ ಹೋದರೆ ಜಗಲಿಯ ತುಂಬ ಕಾಗದಪತ್ರ ಹರಡಿತ್ತು. ಕುಮಟಾದಲ್ಲಿ ಬಿಕಾಂ ಮುಗಿಸಿದ ಮಗಳಿಗೆ ಕೆನಡಾದ ಕಾಲೇಜೊಂದರ ಆಫರ್ ಲೆಟರ್ ಬಂದಿದೆ. ಬಿಸಿನೆಸ್ ಮ್ಯಾನೇಜ್‌ಮೆಂಟ್, ಎರಡು ವರ್ಷದ ಡಿಪ್ಲೊಮಾ. ಏಜೆಂಟ್ ಹೇಳಿದ್ದು ಒಂದೇ ಮಾತು: ಎರಡು ವರ್ಷ ಓದು, ಮೂರು ವರ್ಷ ದುಡಿ.

“ಮಾಸ್ತರ್ರೇ, ಕಾಲೇಜು ಖರೇನೋ ಸುಳ್ಳೋ, ಅದೊಂದು ನೋಡಿ ಹೇಳಿ” ಎಂದರು ಅಪ್ಪ. ಕಾಲೇಜು ಖರೇ ಇತ್ತು. ಹಳಸಿದ್ದು ಏಜೆಂಟನ ಮಾತು.

ಆ ಮಾತು ಹುಟ್ಟಿದ್ದು 2008ರಲ್ಲಿ. ಅದಕ್ಕೆ ಮೊದಲು ಕೆನಡಾದಲ್ಲಿ ಓದು ಮುಗಿಸಿದ ವಿದೇಶಿ ವಿದ್ಯಾರ್ಥಿ ವರ್ಕ್ ಪರ್ಮಿಟ್ ಕೇಳಬೇಕಾದರೆ ಕೈಯಲ್ಲಿ ಕೆಲಸದ ಆಫರ್ ಇರಬೇಕಿತ್ತು. ಆ ವರ್ಷ ಅದನ್ನು ತೆಗೆದುಹಾಕಿ, ಗರಿಷ್ಠ ಮೂರು ವರ್ಷದ ‘ಓಪನ್’ ಪರ್ಮಿಟ್ ತಂದರು. ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದು, ಬಿಡಬಹುದು. ಭಟ್ಕಳದ ಮನೆಗಳಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಒಪ್ಪದೆ ಕೆಲಸ ಬದಲಿಸಲಾಗದ ಗಲ್ಫ್ ಬದುಕನ್ನು ಅವರು ತಲೆಮಾರುಗಳಿಂದ ಕಂಡವರು. ಎಂಟು ತಿಂಗಳಿಗಿಂತ ಕಡಿಮೆಯ ಕೋರ್ಸಿಗೆ ಪರ್ಮಿಟ್ ಇಲ್ಲ, ಎರಡು ವರ್ಷದೊಳಗಿನದಕ್ಕೆ ಕೋರ್ಸಿನಷ್ಟೇ ಅವಧಿ, ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನದಾದರೆ ಮೂರು ವರ್ಷ. ಹದಿನೈದು ವರ್ಷ ಲೆಕ್ಕ ಹೀಗೇ ನಡೆಯಿತು. ಅದರ ಬಲದ ಮೇಲೆ ಎಷ್ಟೋ ಕಾಲೇಜುಗಳು ಬೆಳೆದವು. ಅವುಗಳಲ್ಲಿ ಕೆಲವು ಮಾರುತ್ತಿದ್ದದ್ದು ಪಾಠವನ್ನಲ್ಲ, ಪರ್ಮಿಟ್ಟನ್ನು ಎಂಬುದು ನನ್ನ ಹಳೆಯ ಗುಮಾನಿ.

2024ರಲ್ಲಿ ಕೆನಡಾ ಒಂದೊಂದೇ ಬಾಗಿಲು ಎಳೆದುಕೊಂಡಿತು. ಜನವರಿಯಲ್ಲಿ ಸ್ಟಡಿ ಪರ್ಮಿಟ್ಟುಗಳಿಗೆ ಮಿತಿ ಹಾಕಿತು. ಸರ್ಕಾರಿ ಕಾಲೇಜಿನ ಹೆಸರಿನಲ್ಲಿ ಖಾಸಗಿ ಕಾಲೇಜು ಪಾಠ ಹೇಳುವ ಕೋರ್ಸುಗಳಿಗೆ ಮೇ 15ರ ನಂತರ ಸೇರಿದವರಿಗೆ ವರ್ಕ್ ಪರ್ಮಿಟ್ಟೇ ಇಲ್ಲವೆಂದಿತು. ನವೆಂಬರ್ 1ರಿಂದ ಇನ್ನೂ ದೊಡ್ಡ ಪೆಟ್ಟು: ಆ ದಿನದಿಂದ ಸ್ಟಡಿ ಪರ್ಮಿಟ್ಟಿಗೆ ಅರ್ಜಿ ಹಾಕಿ ಕಾಲೇಜು ಡಿಪ್ಲೊಮಾಕ್ಕೆ ಹೋಗುವವರಿಗೆ ಮುಂದೆ ವರ್ಕ್ ಪರ್ಮಿಟ್ ಬೇಕಾದರೆ ಓದಿನ ವಿಷಯ ಸರ್ಕಾರದ ಪಟ್ಟಿಯಲ್ಲಿರಲೇಬೇಕು. ಕೃಷಿ, ಆರೋಗ್ಯ, ವಿಜ್ಞಾನ–ತಂತ್ರಜ್ಞಾನ, ಕೈಕಸುಬು, ಸಾರಿಗೆ; ಆಮೇಲೆ ಶಿಕ್ಷಣವೂ ಸೇರಿತು. ಬಿಸಿನೆಸ್ ಮ್ಯಾನೇಜ್‌ಮೆಂಟ್ ಇಲ್ಲ.

ಪಟ್ಟಿಯಲ್ಲಿ ವಿಷಯ ಗುರುತಿಸುವುದು ಹೆಸರಿನಿಂದಲ್ಲ, ಆರಂಕಿಯ ಸಂಖ್ಯೆಯಿಂದ. ಸಿಐಪಿ ಕೋಡ್ ಅನ್ನುತ್ತಾರೆ. ಅಮೆರಿಕದ ಶಿಕ್ಷಣ ಇಲಾಖೆ 1980ರಲ್ಲಿ ಮಾಡಿದ ಈ ವರ್ಗೀಕರಣವನ್ನು ಕೆನಡಾದ ಅಂಕಿಅಂಶ ಇಲಾಖೆ ತನಗೆ ಹೊಂದಿಸಿಕೊಂಡಿದೆ. ಮೊದಲ ಎರಡಂಕಿ ಅಧ್ಯಾಯ, ನಾಲ್ಕಾದರೆ ಉಪವಿಭಾಗ, ಆರಾದರೆ ನಿಮ್ಮ ಕೋರ್ಸು. ಬಿಸಿನೆಸ್ ಮ್ಯಾನೇಜ್‌ಮೆಂಟ್ 52.0201, ಕಂಪ್ಯೂಟರ್ ಸೈನ್ಸ್ 11.0701, ನರ್ಸಿಂಗ್ 51.3801. ಆ ಜಗಲಿಯ ಮೇಲೆ ಮೊಬೈಲ್ ಹಿಡಿದು ಕೂತವನು ಬಂದ ಕೆಲಸ ಮರೆತು ಈ ಸಂಖ್ಯೆಗಳ ಹಿಂದೆ ಬಿದ್ದೆ. ತದಡಿಯಲ್ಲಿ ಕೂತು ಮೀನು ಹುಡುಕದಿದ್ದರೆ ಹೇಗೆ? ಮೀನು ಸಾಕಣೆ 01.0303, ಕೃಷಿಯ ಅಧ್ಯಾಯ, ಸರಿ. ಮೀನುಗಾರಿಕೆ ವಿಜ್ಞಾನ 03.0301, ನಿಸರ್ಗ ಸಂಪತ್ತಿನ ಅಧ್ಯಾಯ; ಅದೂ ಸರಿ. ಆದರೆ ಸಮುದ್ರಕ್ಕೆ ಹೋಗಿ ಮೀನು ಹಿಡಿಯುವ ಕಸುಬು? 49.0303. ನಲವತ್ತೊಂಬತ್ತು ಅಂದರೆ ಸಾರಿಗೆ! ವಿಮಾನ ಹಾರಿಸುವವರು, ಲಾರಿ ಹೊಡೆಯುವವರ ಸಾಲಿನಲ್ಲಿ ಬಂಗಡೆ ಹಿಡಿಯುವವರು. ಬೋಟಿದೆ, ಎಂಜಿನ್ನಿದೆ, ಹೋಗಿಬರುತ್ತದೆ ಎಂಬ ತರ್ಕವಿರಬೇಕು. ಆ ತರ್ಕದಲ್ಲಿ ಅಘನಾಶಿನಿಯ ಕೆಸರಿನಲ್ಲಿ ಕೂತು ಬಳಚು ಹೆಕ್ಕುವ ಹೆಂಗಸರನ್ನು ಯಾವ ಅಧ್ಯಾಯಕ್ಕೆ ಹಾಕುವುದೋ! ಯಜಮಾನರಿಗೆ ಹೇಳಿದೆ. “ಹಾಂಗಾರೆ ನಾವು ಬಸ್ಸಿನವ್ರಾ?” ಎಂದು ನಕ್ಕರು.

ಮಗಳು ನಗಲಿಲ್ಲ. ಅವಳ ಆಫರ್ ಲೆಟರಿನ ನಾಲ್ಕು ಪುಟ ತಿರುವಿದರೂ ಆ ಆರಂಕಿ ಎಲ್ಲಿಯೂ ಇರಲಿಲ್ಲ. ಕೋರ್ಸಿನ ಹೆಸರು ಏನೇ ಇರಲಿ, ಕೋಡ್ ಯಾವುದೆಂದು ಕಾಲೇಜಿನಿಂದಲೇ ಬರಹದಲ್ಲಿ ಕೇಳಿ ಪಡೆಯಬೇಕು. ಹೆಸರಿನಲ್ಲಿ ‘ಟೆಕ್ನಾಲಜಿ’ ಅಂಟಿಸಿಕೊಂಡ ಕೋರ್ಸಿನ ಕೋಡ್ 52ರಿಂದ ಶುರುವಾಗುವುದೂ ಉಂಟು. ಪಟ್ಟಿಯೂ ಬದಲಾಗುತ್ತಿರುತ್ತದೆ, ಸ್ಟಡಿ ಪರ್ಮಿಟ್ಟಿಗೆ ಅರ್ಜಿ ಹಾಕಿದ ದಿನ ಆ ವಿಷಯ ಪಟ್ಟಿಯಲ್ಲಿದ್ದರೆ ಮುಂದೆ ತೆಗೆದರೂ ಚಿಂತೆಯಿಲ್ಲ. ಅಂದರೆ ಓದಿದ ಮೇಲೆ ಸಿಗುವ ಪರ್ಮಿಟ್ಟು ಓದಲು ಹೊರಡುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

“ನರ್ಸಿಂಗಿಗೆ ಬದಲಿಸಿ ಅಂತಾನೆ ಏಜೆಂಟ್. ರಕ್ತ ಕಂಡ್ರೆ ನಂಗೆ ತಲೆ ತಿರುಗ್ತದೆ” ಎಂದಳು. ಬಿಕಾಂ ಆದವಳಿಗೆ ಇನ್ನೊಂದು ದಾರಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ. ಅದಕ್ಕೆ ವಿಷಯದ ಪಟ್ಟಿಯ ಕಾಟವಿಲ್ಲ. 2024ರ ಫೆಬ್ರವರಿಯಿಂದ, ಎರಡು ವರ್ಷಕ್ಕಿಂತ ಚಿಕ್ಕ ಸ್ನಾತಕೋತ್ತರ ಕೋರ್ಸಿಗೂ ಮೂರು ವರ್ಷದ ಪರ್ಮಿಟ್ ಸಿಗುತ್ತದೆ. ಸೀಟು ಸಿಗುವುದು, ಫೀಸು ಹೊಂದಿಸುವುದು ಬೇರೆ ತಲೆನೋವು.

ಬೇರೆ ದೇಶಗಳಲ್ಲೂ ಸುಖವಿಲ್ಲ. ಬ್ರಿಟನ್ 2021ರಲ್ಲಿ ಪದವೀಧರರಿಗೆ ಕೆಲಸ ಮಾಡಲು ಎರಡು ವರ್ಷ ಕೊಟ್ಟಿತ್ತು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಹದಿನೆಂಟೇ ತಿಂಗಳು, ಪಿಎಚ್‌ಡಿಯವರನ್ನು ಬಿಟ್ಟು. ಅಮೆರಿಕದಲ್ಲಿ ಹನ್ನೆರಡು ತಿಂಗಳ ಒಪಿಟಿ ಎಂಬ ಕೆಲಸದ ಅನುಮತಿ, ವಿಜ್ಞಾನ–ತಂತ್ರಜ್ಞಾನ ಓದಿದವರಿಗೆ ಮೇಲೆ ಇಪ್ಪತ್ನಾಲ್ಕು ತಿಂಗಳು. ಅದನ್ನು ನಿರ್ಧರಿಸುವುದೂ ಇದೇ ಆರಂಕಿ!

ಯಾರೂ ಮೊದಲೇ ಹೇಳದ ಸಂಗತಿಗಳು ಇನ್ನೂ ಎರಡಿವೆ. ಕಾಲೇಜಿಗೆ ಸೇರಲು ನಮ್ಮ ಮಕ್ಕಳು ಬರೆಯುವುದು ಐಇಎಲ್‌ಟಿಎಸ್ ಅಕಾಡೆಮಿಕ್; ಕೆನಡಾದ ಈ ಪರ್ಮಿಟ್ಟಿಗೆ ಅದು ನಡೆಯುವುದಿಲ್ಲ, ಜನರಲ್ ಟ್ರೇನಿಂಗ್ ಬೇಕು, ಅದೂ ಎರಡು ವರ್ಷದೊಳಗಿನದು. ಕೆನಡಾದ ಭಾಷಾ ಮಾಪನದಲ್ಲಿ ಪದವಿಯವರಿಗೆ ಮಟ್ಟ ಏಳು, ಡಿಪ್ಲೊಮಾದವರಿಗೆ ಐದು. ಕೋರ್ಸಿನ ಅಂತಿಮ ಫಲಿತಾಂಶ ಬಂದ 180 ದಿನದೊಳಗೆ ಪರ್ಮಿಟ್ಟಿನ ಅರ್ಜಿ ಹೋಗಬೇಕಾದ್ದರಿಂದ ಈ ಭಾಷಾ ಪರೀಕ್ಷೆಯನ್ನು ಕೊನೆಯ ಸೆಮಿಸ್ಟರಿನಲ್ಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎರಡನೆಯದು ಪಾಸ್‌ಪೋರ್ಟ್. ಈ ಪರ್ಮಿಟ್ ಸಿಗುವುದು ಜೀವಮಾನಕ್ಕೆ ಒಂದೇ ಸಲ, ಮತ್ತು ಅದರ ಅವಧಿ ಪಾಸ್‌ಪೋರ್ಟಿನ ಅವಧಿಯನ್ನು ದಾಟುವುದಿಲ್ಲ. ಉಳಿದ ಅವಧಿ ಕೇಳಿ ಪಡೆಯಬಹುದು, ಆದರೆ ಅದಕ್ಕೆ ಮತ್ತೊಂದು ಅರ್ಜಿ, ಮತ್ತೊಂದು ಕಾಯುವಿಕೆ. ಪಾಸ್‌ಪೋರ್ಟಿಗೆ ನಾಲ್ಕೇ ವರ್ಷ ಉಳಿದಿದ್ದರೆ ಇಲ್ಲೇ ಹೊಸದು ಮಾಡಿಸಿಕೊಂಡು ವಿಮಾನ ಹತ್ತುವುದು ಲೇಸು.